ಕಣ್ಣು ಬಿಟ್ಟ ರಸ್ತೆ

ಏಳು ಬೆಟ್ಟಗಳ ನಡುವೆ ಒಂದು ಪಟ್ಟಣವಿತ್ತಂತೆ. ಆ ಪಟ್ಟಣಕ್ಕೆ ರಾಜನಿರಲಿಲ್ಲ, ಮುನ್ಸಿಪಾಲ್ಟಿ ಇತ್ತು. ಕೋಟೆ ಇರಲಿಲ್ಲ, ರೇಷ್ಮೆಗೂಡಿನ ಮಾರುಕಟ್ಟೆ ಇತ್ತು. ರಾಕ್ಷಸರು ಮಾತ್ರ ಎಲ್ಲ ಕಥೆಗಳಲ್ಲಿರುವಂತೆ ಅಲ್ಲೂ ಇದ್ದರು. ಅವರು ಫುಟ್‌ಪಾತಿನ ಮೇಲೆ ಮೋಟಾರ್ ಬೈಕು ಓಡಿಸುತ್ತಿದ್ದರು. ಇಂಥ ನಮ್ಮ ರಾಮನಗರ ಜಿಲ್ಲೆಯಾಗಿ ಪಟ್ಟಕ್ಕೇರಿದ ಹೊಸದರಲ್ಲಿ, ಪಟ್ಟಕ್ಕೇರಿದ ಮೇಲೆ ಒಂದು ರಾಜಬೀದಿ ಬೇಡವೇ ಎಂದು ಮೇಲಿನವರು ಯಾರಿಗೋ ಅನ್ನಿಸಿತು. ರೈಲ್ವೆ ಸ್ಟೇಷನ್ನಿನ ಕಡೆಯಿಂದ ಹೊಸ ಜಿಲ್ಲಾ ಕಚೇರಿಯವರೆಗೆ ಭಾರಿ ಅಗಲದ ಒಂದು ರಸ್ತೆ ಮಾಡುವುದೆಂದು ತೀರ್ಮಾನವಾಯಿತು.

ಕಥೆಗಳಲ್ಲಾದರೆ ರಾಜಬೀದಿಯನ್ನು ಸಿಂಗರಿಸಲು ವಿಶ್ವಕರ್ಮನೇ ಮೋಡದ ಮೇಲೆ ಕೂತು ಇಳಿದು ಬರುತ್ತಾನೆ. ನಮ್ಮ ಊರಿನ ಪಾಲಿಗೆ ಬಂದವರು ನನ್ನ ಚಿಕ್ಕಪ್ಪ ಗಂಗಹನುಮಯ್ಯನವರು. ಬಂದದ್ದು ಲೂನಾದ ಮೇಲೆ ಕೂತು.

ಚಿಕ್ಕಪ್ಪ ಬೋರ್ಡು ಬರೆಯುವ ಪೇಂಟರು. ಕೈ ಬಹಳ ಒಳ್ಳೆಯದು. ಇದ್ದಕ್ಕಿದ್ದಂತೆ ನಿಂತುಹೋಗುವುದೊಂದೇ ಅದರ ದೋಷ. 'ಪ್ರಾವಿಜನ್ ಸ್ಟೋ' ಎನ್ನುವವರೆಗೆ ಬರೆದು ಟೀ ಕುಡಿಯಲು ಹೋದವರು ವಾಪಸು ಬಾರದ ಕಾರಣ ನಮ್ಮ ಬೀದಿಯ ದಿನಸಿ ಅಂಗಡಿ ಇವತ್ತಿಗೂ ಸ್ಟೋ ಆಗಿಯೇ ವ್ಯಾಪಾರ ನಡೆಸುತ್ತಿದೆ. ಅವರ ಸ್ವಂತ ಮನೆಯ ಮುಂಗೋಡೆ ಹಸಿರು, ಪಕ್ಕದ ಗೋಡೆ ಅರ್ಧ ಹಸಿರು. ಮಿಕ್ಕರ್ಧವನ್ನು ಯಾಕೆ ಬಿಟ್ಟಿರಿ ಎಂದು ಕೇಳಿದರೆ 'ಒಣಗಲಿ ಅಂತ' ಎನ್ನುತ್ತಿದ್ದರು. ಬಳಿಯದ ಗೋಡೆಯಲ್ಲಿ ಒಣಗಬೇಕಾದ್ದು ಏನೆಂಬುದು ಯಾರಿಗೂ ತಿಳಿದಿರಲಿಲ್ಲ.

ಇಂಥವರಿಗೆ ಅತ್ತೆಯಾಗಿ ಸಿಕ್ಕವಳು ಮಾಗಡಿ ತಾಲ್ಲೂಕಿನ ಕೆಂಪಾಪುರದ ನಮ್ಮಜ್ಜಿ, ನನ್ನ ತಾಯಿಯ ತಾಯಿ, ದೊಡ್ಡಲಕ್ಷ್ಮಮ್ಮ. ನಾನು ಅವಳ ಸೆರಗು ಹಿಡಿದು, ಅವಳ ಕಥೆ ಕೇಳಿ ಬೆಳೆದವಳು. ಅಜ್ಜಿಯ ಕಥೆಯಲ್ಲಿ ಪಾರಿಜಾತ ತರಲು ಹೋದವನು ಹಾವೇ ಅಡ್ಡ ಬರಲಿ, ಹುಲಿಯೇ ಅಡ್ಡ ಬರಲಿ, ತಂದೇ ತರುತ್ತಿದ್ದ. ಅರ್ಧ ದಾರಿಯಲ್ಲಿ ಟೀ ಕುಡಿಯಲು ಹೋದ ರಾಜಕುಮಾರ ಒಬ್ಬನೂ ಇರಲಿಲ್ಲ. ಮಗಳ ಗೃಹಪ್ರವೇಶಕ್ಕೆಂದು ಬಂದ ಅಜ್ಜಿ ಆ ಅರ್ಧ ಗೋಡೆಯನ್ನು ಒಂದು ಗಳಿಗೆ ನೋಡಿ, "ಪೂರಾ ಆದ್ಮೇಕೆ ಹೇಳ್ಕಳುಸ್ರಪ್ಪಾ" ಎಂದು ಹೊಸಿಲು ದಾಟದೆ, ಬಂದ ಬಸ್ಸಿನಲ್ಲೇ ತಿರುಗಿ ಹೋಗಿದ್ದಳು. ಮತ್ತೆ ಬಂದಿರಲಿಲ್ಲ. ಚಿಕ್ಕಮ್ಮ ಬೋರಮ್ಮ ಪ್ರತಿ ಯುಗಾದಿಗೂ ತಾಯಿಗೆಂದು ಒಂದು ಎಲೆ ಹೆಚ್ಚಿಗೆ ಹಾಕುತ್ತಿದ್ದಳು. ಊಟವಾದ ಮೇಲೆ ಅದನ್ನು ಎತ್ತಿಡುತ್ತಿದ್ದಳು.

ಹೀಗಿರುವಾಗ ಕೆಂಪಾಪುರದಲ್ಲಿ ಮನೆದೇವರ ಹೆಸರಿನ ಊಟದ ಹಬ್ಬ, ಪರ, ಬಂತು. ನೆಂಟರೆಲ್ಲ ಸಾಲಾಗಿ ಉಣ್ಣಲು ಕೂತಿದ್ದಾಗ, ಚಿಕ್ಕಮ್ಮನ ತಮ್ಮ, ನನ್ನ ಮಾವ ಲಕ್ಷ್ಮಯ್ಯ, ಮುದ್ದೆಯ ತಟ್ಟೆ ಹಿಡಿದು ಬಂದು ಚಿಕ್ಕಪ್ಪನ ಮುಂದೆ ನಿಂತ.

"ಭಾವ, ಈ ಮುದ್ದೇನಾದ್ರೂ ಪೂರಾ ಮುಗಿಸ್ತೀರೋ, ಇದುನ್ನೂ ಅರ್ಧಕ್ಕೆ ಒಣಗಕ್ಕೆ ಬುಡ್ತೀರೋ?"

ಸಾಲು ಪೂರ್ತಿ ನಕ್ಕಿತು. ಚಿಕ್ಕಪ್ಪನಿಗೆ ಎಲ್ಲಿಲ್ಲದ ರೋಷ ಬಂತು. ರೋಷ ಬಂದಾಗ ಬೇರೆಯವರು ಎದ್ದು ಹೋಗುತ್ತಾರೆ, ಚಿಕ್ಕಪ್ಪ ಸುಳ್ಳು ಹೇಳುತ್ತಾರೆ.

"ಲಕ್ಷ್ಮಯ್ಯ, ರಾಮನಗರದಲ್ಲಿ ಹೊಸ ರೋಡಾಯ್ತಾ ಐತಲ್ಲ, ಕೇಳಿದ್ದೀಯಾ? ಆ ರೋಡು ನೋಡೋರ ಕಣ್ಣಿಗೆ ಹೆಂಗ್ ಕಾಣ್ಬೇಕು, ಮರ ಎಲ್ಲಿ, ದೀಪ ಎಂಥದ್ದು, ಬಣ್ಣ ಯಾವ್ದು, ಎಲ್ಲಾ ಯಾರ್ ಕೈಲೈತೆ ಗೊತ್ತಾ?"

"ಯಾರ್ ಕೈಲೈತೆ?"

ಚಿಕ್ಕಪ್ಪ ಸಾರು ಮೆತ್ತಿದ ತಮ್ಮ ಬಲಗೈಯನ್ನೇ ಎತ್ತಿ ತೋರಿಸಿದರು. ಒಳಗಿನಿಂದ ಅಜ್ಜಿ ಈಚೆ ಬಂದಳು.

"ಹೌದೇನಪ್ಪಾ ಅಳಿಯಂದ್ರೇ? ಸರಿ ಕಣಪ್ಪಾ. ಎಲ್ರೂ ಕೇಳಿಸ್ಕಳಿ. ನೀವು ಆ ರೋಡು ಪೂರಾ ಮುಗಿಸಿದ್ ದಿವ್ಸ, ನಾನು ಈ ತುದಿಯಿಂದ ಆ ತುದಿಗಂಟ ನಡ್ದು, ನಿಮ್ಮನೇಗೆ ಬಂದು ಉಣ್ತೀನಿ. ಅದೂ ಅರ್ಧಕ್ಕೆ ನಿಂತ್ಕತೋ, ಆ ಮನೆ ದಾರಿ ಈ ಜನ್ಮದಲ್ಲಿ ತುಳಿಯಕಿಲ್ಲ."

ಸಾರು ಬಡಿಸುತ್ತಿದ್ದ ಚಿಕ್ಕಮ್ಮನ ಸೌಟು ಗಾಳಿಯಲ್ಲೇ ನಿಂತಿತು. ವಾಪಸು ಬರುವ ಬಸ್ಸಿನಲ್ಲಿ ಆಕೆ ಗಂಡನಿಗೆ ಹೇಳಿದ್ದು ಒಂದೇ ಮಾತು: "ನೀವು ನಿಜ ಹೇಳಿದ್ರೋ ಸುಳ್ಳು ಹೇಳಿದ್ರೋ ನಾನು ಕೇಳಕಿಲ್ಲ. ಇನ್ಮೇಕೆ ಅದುನ್ನ ನಿಜ ಮಾಡಿ."

ನಿಜ ಇಷ್ಟಿತ್ತು. ಬೈಕಿನವರು ಫುಟ್‌ಪಾತಿಗೆ ಹತ್ತದಂತೆ ಅದರ ಅಂಚಿಗೆ ಸೊಂಟದೆತ್ತರದ ಕಾಂಕ್ರೀಟು ಗೂಟಗಳನ್ನು ನೆಡುವುದಿತ್ತು. ರಸ್ತೆಯ ಇಂಜಿನಿಯರು ಹಫೀಜಾ ಮೇಡಂ ಚಿಕ್ಕಪ್ಪನನ್ನು ಕರೆಸಿ, "ಗಂಗಹನುಮಯ್ಯನವರೇ, ಗೂಟಕ್ಕೆ ಕಪ್ಪು ಹಳದಿ ಪಟ್ಟೆ ಹೊಡೀಬೇಕು. ಅಷ್ಟೇ ಕೆಲಸ. ದಯವಿಟ್ಟು ಪೂರ್ತಿ ಹೊಡೀರಿ" ಎಂದಿದ್ದರು. ಕಪ್ಪು ಹಳದಿ ಪಟ್ಟೆಯೂ ರಸ್ತೆಯ ಅಂದಚೆಂದವೇ ಅಲ್ಲವೇ ಎಂದು ವಾದ ಮಾಡಬಹುದು. ಮಾಗಡಿಯಿಂದ ರಾಮನಗರದವರೆಗೆ ಚಿಕ್ಕಪ್ಪ ಬಸ್ಸಿನ ಕಿಟಕಿಯ ಸರಳಿನೊಂದಿಗೆ ಅದೇ ವಾದ ಮಾಡುತ್ತ ಬಂದರು. ಸರಳು ಒಪ್ಪಿದಂತೆ ಕಾಣಲಿಲ್ಲ.

ಮಾರನೆಯ ದಿನವೇ ಲಕ್ಷ್ಮಯ್ಯಮಾವನ ಫೋನು ಬಂತು: "ಭಾವ, ಭಾನುವಾರ ಬತ್ತೀನಿ. ನಿಮ್ ಪ್ಲಾನ್ ನೋಡ್ಬೇಕು."

ಪ್ಲಾನು ಎಲ್ಲಿಂದ ಬರಬೇಕು? ಚಿಕ್ಕಪ್ಪ ಲೂನಾ ಏರಿ ಚನ್ನಪಟ್ಟಣಕ್ಕೆ ಹೋದರು. ಅಲ್ಲಿ ಅವರ ಬಾಲ್ಯದ ಗೆಳೆಯ ಮಕ್ಬೂಲ್ ಬೊಂಬೆ ಕಡೆಯುತ್ತಿದ್ದ. ತಿರುಗುವ ಮರಕ್ಕೆ ಉಳಿ ಕೊಟ್ಟು, ಅರಗಿನ ಕಡ್ಡಿ ಒತ್ತಿ, ಕಣ್ಣು ಮಿಟುಕಿಸುವುದರೊಳಗೆ ಕೆಂಪು ಹಳದಿ ಹಸಿರು ತೆಗೆಯುವ ಕೈ.

"ಲೇ ಮಕ್ಬೂಲ್, ಒಂದು ಹಲಗೆ ಮ್ಯಾಲೆ ರೋಡು ಮಾಡ್ಕೊಡ್ಲಾ. ಆಚೀಚೆ ಮರ, ಲೈಟು ಕಂಬ, ಫುಟ್‌ಪಾತ್ ಅಂಚಿಗೆ ಸಾಲಾಗಿ ಗೂಟ. ಅಷ್ಟೇ."

ಭಾನುವಾರ ಬೆಳಿಗ್ಗೆ ಮಕ್ಬೂಲ್ ಹಲಗೆಯ ಮೇಲಿನ ಬಟ್ಟೆ ಸರಿಸಿದ. ಮರಗಳು ದುಂಡು ದುಂಡಾಗಿ ಹಸಿರಾಗಿದ್ದವು. ಕಂಬಗಳಿಗೆ ಮೇಲಿಂದ ಕೆಳಗೆ ಬಣ್ಣದ ಬಳೆ ತೊಡಿಸಿದ್ದ. ಆದರೆ ಗೂಟಗಳೆಲ್ಲ ಪೇಟ ಸುತ್ತಿಕೊಂಡು, ಟೋಪಿ ಹಾಕಿಕೊಂಡು, ಸೀರೆ ಉಟ್ಟುಕೊಂಡು, ಬುಟ್ಟಿ ಹೊತ್ತುಕೊಂಡು ನಿಂತಿದ್ದವು.

"ಇದೇನ್ಲಾ? ಗೂಟಕ್ಕೆ ತಲೆ?"

"ನಾನು ಗೂಟಾನೇ ಮಾಡಕ್ಕೆ ಕೂತಿದ್ದು ಕಣಪ್ಪಾ, ಅಲ್ಲಾ ಸಾಕ್ಷಿ" ಎಂದ ಮಕ್ಬೂಲ್. "ನಮ್ಮ ತಾತನ ಕಾಲದಿಂದ ಬೊಂಬೆ ಕಡೆದ ಕೈ ಇದು. ಮರ ತಿರುಗಕ್ಕೆ ಶುರುವಾದ್ರೆ ಕೈ ತಾನಾಗೇ ಕತ್ತು ಮಾಡ್ಬುಡುತ್ತೆ. ಕತ್ತು ಬಂದ್ಮೇಲೆ ತಲೆ ಇಲ್ದೆ ಬುಡಕ್ಕಾಗುತ್ತಾ? ತಲೆ ಬಂದ್ಮೇಲೆ ಬರೀ ಮೈಯಲ್ಲಿ ನಿಲ್ಸಕ್ಕಾಗುತ್ತಾ? ಮರ್ಯಾದಸ್ತರು ಓಡಾಡೋ ರೋಡು."

"ಕಣ್ಣು ಮೂಗು?"

"ಮೂಗು ಇಟ್ಟಿದ್ದೀನಿ ನೋಡು. ಕಣ್ಣು ನೀನು ಬರ್ಕೋ. ಕಣ್ಣು ಕೊನೇಗೆ."

ಬದಲಿಸಲು ಸಮಯವಿರಲಿಲ್ಲ. ಚಿಕ್ಕಪ್ಪ ಹಲಗೆಯನ್ನು ಲೂನಾದ ಹಿಂದೆ ಕಟ್ಟಿಕೊಂಡು ಊರಿಗೆ ತಂದು ಜಗುಲಿಯ ಮೇಲಿಟ್ಟರು. ಲಕ್ಷ್ಮಯ್ಯಮಾವ ಬಂದು, ಸಂತೆಯಲ್ಲಿ ಎತ್ತನ್ನು ನೋಡುವವನಂತೆ ಹಲಗೆಗೆ ಒಂದು ಸುತ್ತು ಹಾಕಿದ.

"ಭಾವ, ಮರ ಗೊತ್ತಾಯ್ತು, ಕಂಬ ಗೊತ್ತಾಯ್ತು. ರೋಡ್ ಅಂಚಿಗೆ ಸಾಲಾಗಿ ನಿಂತವ್ರಲ್ಲ, ಇವ್ರ್ಯಾರು?"

ಗೂಟಗಳು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಮಾತಿನಲ್ಲೂ ಒಂದು ವಿಷಯವನ್ನು ಮುಗಿಸುವುದು ಚಿಕ್ಕಪ್ಪನ ಸ್ವಭಾವವಲ್ಲ.

"ಅವ್ರಾ? ಜನ."

"ಯಾವ ಜನ?"

"ನಮ್ಮೂರ ಜನ. ಇನ್ಯಾರು ನಿಂತ್ಕತಾರೆ ನಮ್ಮೂರ ರೋಡಲ್ಲಿ?"

ಪಕ್ಕದ ಮನೆಯ ಹೂವಿನ ಅಂಕಮ್ಮ ಕಾಂಪೌಂಡಿನ ಮೇಲಿಂದ ಇದನ್ನೆಲ್ಲ ಕೇಳುತ್ತ ಕನಕಾಂಬರ ಕಟ್ಟುತ್ತಿದ್ದಳು. ದಾರ ಅಲ್ಲೇ ಬಿತ್ತು.

"ಗಂಗಹನುಮಣ್ಣಾ! ಅಂಗಾರೆ ಆ ಬುಟ್ಟಿ ಹೊತ್ತಿರೋ ಹಳದಿ ಸೀರೇವ್ಳು ನಾನೇನಾ?"

ಯಾರಿಗೂ ಇಲ್ಲ ಅನ್ನಲಾರದ ಚಿಕ್ಕಪ್ಪ, "ಊಂ ಕಣವ್ವ, ನೀನೇ" ಎಂದರು.

ನಮ್ಮ ಬೀದಿಯಲ್ಲಿ ನಲ್ಲಿಗೆ ನೀರು ಬಂದ ಸುದ್ದಿಯಾದರೂ ತಡವಾಗಿ ಹರಡೀತು. ಹೊಸ ರೋಡಿನಲ್ಲಿ ಊರಿನವರ ಪ್ರತಿಮೆ ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಹಳೇ ಪೇಟೆ ಮುಟ್ಟಿತು. ಜನ ಬಂದರು. ರೇಷ್ಮೆ ಬಿಚ್ಚುವ ಫಿಲೇಚರಿನ ಮಾಲೀಕರು ತಾಜ್ ಪಾಷಾ ಅತ್ತರು ಹಚ್ಚಿಕೊಂಡು ಬಂದರು.

"ಗಂಗಹನುಮಯ್ಯ, ನನ್ನ ಫಿಲೇಚರ್ ಇರೋದೇ ಆ ರೋಡಿಗೆ. ಸರ್ಕಲ್‌ನಲ್ಲಿ ಟೋಪಿ ಹಾಕ್ಕಂಡು ನಿಂತಿರೋದು ನಾನೇ ತಾನೇ?"

"ನೀವೇ ಸಾಹೇಬ್ರೇ. ಸರ್ಕಲ್ ಅಂದ್ರೆ ನೀವೇ."

ಅವರ ಹಿಂದೆಯೇ ಬಂದ ನಿವೃತ್ತ ಹೆಡ್‌ಮಾಸ್ಟರಿಗೂ ಸರ್ಕಲ್ಲೇ ಬೇಕಾಗಿತ್ತು. ಪೆಟ್ರೋಲ್ ಬಂಕಿನ ಯಜಮಾನರಿಗೂ ಅದೇ. ಇಬ್ಬರಿಗೂ ಚಿಕ್ಕಪ್ಪ ಊಂ ಎಂದರು. ದೇವರು ಒಬ್ಬನೇ ಎಲ್ಲ ಕಡೆ ಇರುತ್ತಾನೆಂದು ಅಜ್ಜಿ ಹೇಳಿದ್ದಳು. ಊರಿನ ದೊಡ್ಡವರೆಲ್ಲ ಸೇರಿ ಒಂದೇ ಗೂಟದಲ್ಲಿ ಇರುವ ಪವಾಡವನ್ನು ನಾನು ಅವತ್ತೇ ನೋಡಿದ್ದು.

ಸ್ವಲ್ಪ ಹೊತ್ತಿಗೆ ಸಂತೋಷ ಮುಗಿದು ತಕರಾರು ಶುರುವಾಯಿತು. ಅಂಕಮ್ಮ ಬೀದಿಗೇ ಕೇಳುವಂತೆ ಕೂಗಿದಳು: "ನನ್ ಮೂಗು ಇಷ್ಟಪ್ಪ ಐತಾ? ಅದಿರ್ಲಿ, ಮೋರಿ ಪಕ್ಕ ನನ್ನ ಯಾಕಪ್ಪಾ ನಿಲ್ಸಿದ್ದೀಯ? ಅಲ್ಲಿ ಯಾವೋನು ಹೂ ತಗತಾನೆ?" ಜಗುಲಿ ತುಂಬಿ, ಅಂಗಳ ತುಂಬಿ, ಬೀದಿ ತುಂಬಿ, ಆಟೋಗಳು ನಿಂತವು. ಆಟೋಗಳ ಹಿಂದೆ ಒಂದು ಸರ್ಕಾರಿ ಜೀಪೂ ನಿಂತಿತು.

ಜೀಪಿನಲ್ಲಿ ಹಫೀಜಾ ಮೇಡಂ ಇದ್ದರು, ಅವರ ಪಕ್ಕದಲ್ಲಿ ಬೆಂಗಳೂರಿನಿಂದ ಬಂದ ದೊಡ್ಡ ಸಾಹೇಬರು. ಸಾಹೇಬರು ದಾರಿಯುದ್ದಕ್ಕೂ ಗದರುತ್ತ ಬಂದಿದ್ದರು. ರಸ್ತೆಯ ಅಂದಚೆಂದದ ಯೋಜನೆ ಎಲ್ಲಿ? ಸಾರ್ವಜನಿಕರ ಅಭಿಪ್ರಾಯ ಸಂಗ್ರಹಿಸಬೇಕೆಂಬ ನಿಯಮವಿದೆಯಲ್ಲ, ಸಭೆ ಯಾವಾಗ ಮಾಡಿದಿರಿ? ಯೋಜನೆಯೂ ಆಗಿರಲಿಲ್ಲ, ಸಭೆಯೂ ಆಗಿರಲಿಲ್ಲ. ಸಾಹೇಬರು ಜೀಪಿನಿಂದಿಳಿದು ಜನರನ್ನು ಸರಿಸಿಕೊಂಡು ಒಳಗೆ ಬಂದರು. ನಡುಮಧ್ಯೆ ಹಲಗೆಯ ಮೇಲೆ ಅವರದೇ ರಸ್ತೆ. ಸುತ್ತ ಇಡೀ ಊರು ಬಾಯಿ ಮಾಡುತ್ತಿತ್ತು.

"ಏನಮ್ಮಾ ಇದು, ಅಭಿಪ್ರಾಯ ಸಂಗ್ರಹ ಸಭೆನಾ? ನನಗೆ ಹೇಳಲೇ ಇಲ್ಲವಲ್ಲ!"

ಹಫೀಜಾ ಮೇಡಂ ಹಲಗೆಯನ್ನು ನೋಡಿದರು, ಚಿಕ್ಕಪ್ಪನನ್ನು ನೋಡಿದರು. ಎಲ್ಲಿ ಬಾಯಿ ಬಿಡಬಾರದೆಂದು ಚೆನ್ನಾಗಿ ಬಲ್ಲ ಅಧಿಕಾರಿ ಆಕೆ. ಬಿಡಲಿಲ್ಲ.

"ಇಷ್ಟು ವರ್ಷ ಸರ್ವಿಸ್ ಮಾಡಿದೆ," ಎಂದರು ಸಾಹೇಬರು. "ಸಭೆ ಕರೆದರೆ ಮೂರು ಮತ್ತೊಂದು ಜನ ಬಂದರೆ ಹೆಚ್ಚು. ಅವರೂ ಕಾಫಿ ಕುಡಿಯೋಕೆ. ಇಲ್ಲಿ ನೋಡಿ, ಜನ ರಸ್ತೆಗೋಸ್ಕರ ಕಿತ್ತಾಡ್ತಾ ಇದ್ದಾರೆ!"

ಅಂಕಮ್ಮ ಮುಂದೆ ನುಗ್ಗಿದಳು. "ಸಾರ್, ಮೋರಿ ಪಕ್ಕದಿಂದ ನನ್ನ ಕಿತ್ತು ಬಸ್‌ಸ್ಟಾಪ್ ತಾವ ನಿಲ್ಸಿ ಸಾರ್! ಒಸಿ ನೆರಳಿಗೆ ಒಂದು ಮರಾನೂ ಕೊಡ್ಸಿ!"

"ಬರ್ಕೊಳ್ಳಮ್ಮಾ, ಬಸ್‌ಸ್ಟಾಪಿಗೆ ನೆರಳಿನ ಮರ. ಎಷ್ಟು ಒಳ್ಳೆ ಸಲಹೆ!" ಎಂದು ಸಾಹೇಬರು ಬೊಂಬೆಯೊಂದನ್ನು ಕೈಗೆತ್ತಿಕೊಂಡರು. "ಈ ಗೂಟಗಳ ಯೋಚನೆ ಯಾರದು?"

ಊರಿನ ಬೆರಳುಗಳೆಲ್ಲ ಒಂದೇ ಕಡೆ ತಿರುಗಿದವು. ಆ ಬೆರಳುಗಳ ತುದಿಯಲ್ಲಿ ಚಿಕ್ಕಪ್ಪ ಬೆವರುತ್ತ ನಿಂತಿದ್ದರು.

"ಬೊಂಬೆನಾಡಿನ ರಸ್ತೆಗೆ ಬೊಂಬೆಗಳದೇ ಕಾವಲು! ಭೇಷ್. ಈ ಕಂಬದ ಬಣ್ಣ, ಈ ಮರದ ಸಾಲು, ಎಲ್ಲಾ ಹೀಗೇ ಆಗಲಿ. ದಸರಾಕ್ಕೆ ಮುಂಚೆ ಉದ್ಘಾಟನೆ."

ಜೀಪು ಹೊರಡುವ ಮುಂಚೆ ಹಫೀಜಾ ಮೇಡಂ ಚಿಕ್ಕಪ್ಪನನ್ನು ಪಕ್ಕಕ್ಕೆ ಕರೆದರು.

"ನಾನು ಕಪ್ಪು ಹಳದಿ ಪಟ್ಟೆ ಹೇಳಿದ್ದೆ."

"ಹೌದು ಮೇಡಂ."

"ಈಗ ಬೊಂಬೆ ಮಾಡಿ. ಇಡೀ ರಸ್ತೆಯ ಬಣ್ಣ ನಿಮ್ಮದೇ. ಆದರೆ ಒಂದು ಮಾತು. ಉದ್ಘಾಟನೆಯ ಹಿಂದಿನ ದಿನ ಒಂದು ಗೂಟ ಅರ್ಧಂಬರ್ಧ ಇದ್ದರೂ ಎಲ್ಲದಕ್ಕೂ ಕಪ್ಪು ಹಳದಿ ಬಳಿಸಿಬಿಡ್ತೀನಿ. ಆಳುಗಳು ರೆಡಿ ಇರ್ತಾರೆ."

ಹೀಗೆ ಚಿಕ್ಕಪ್ಪನ ಸುಳ್ಳು, ಅವರನ್ನು ಒಂದು ಮಾತೂ ಕೇಳದೆ, ನಿಜವಾಗಿಬಿಟ್ಟಿತು.

ಮುಂದಿನ ದಿನಗಳನ್ನು ನೆನೆದರೆ ನನಗೆ ಈಗಲೂ ಹೆಮ್ಮೆ. ಮಕ್ಬೂಲ್ ಮರದಲ್ಲಿ ದೊಡ್ಡ ದೊಡ್ಡ ಅಚ್ಚು ಕಡೆದುಕೊಟ್ಟ. ಕಂಟ್ರಾಕ್ಟರು ಅದಕ್ಕೆ ಕಾಂಕ್ರೀಟು ಸುರಿದು ಬೊಂಬೆ ತೆಗೆದು ನೆಡಿಸಿದ. ಎರಡೂ ಬದಿಗೆ ಹೊಂಗೆ ಸಸಿಗಳು ಬಂದವು. ದೀಪದ ಕಂಬಗಳು ಬಳೆ ತೊಟ್ಟವು. ಚಿಕ್ಕಪ್ಪ ಬಣ್ಣದ ಡಬ್ಬಿ ಹಿಡಿದು ಬೆಳಿಗ್ಗೆ ಹೋದರೆ ಕತ್ತಲಾಗುವ ಹೊತ್ತಿಗೆ ಬರುತ್ತಿದ್ದರು. ಒಬ್ಬೊಬ್ಬರಿಗೂ ಪೇಟದ ಸುತ್ತು ಬೇರೆ, ಸೆರಗಿನ ಅಂಚು ಬೇರೆ. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಕತ್ತು ಚಾಚಿ ನೋಡುತ್ತಿದ್ದರು. ಎಲ್ಲ ಮುಗಿಯಿತು.

ಕಣ್ಣೊಂದು ಉಳಿಯಿತು.

ನಮ್ಮ ಕಡೆ ಮೂರ್ತಿಯೇ ಆಗಲಿ, ಬೊಂಬೆಯೇ ಆಗಲಿ, ಕಣ್ಣು ಬರೆಯುವುದು ಕೊನೆಗೆ. ಚಿಕ್ಕಪ್ಪ ಸಂಪ್ರದಾಯ ಬಿಡುವವರಲ್ಲ, ಅದರಲ್ಲೂ ಕೆಲಸ ಮುಂದೂಡುವ ಸಂಪ್ರದಾಯ. ಇಡೀ ಸಾಲನ್ನು ಕಣ್ಣಿಲ್ಲದೆ ನಿಲ್ಲಿಸಿ, "ಒಣಗಲಿ" ಎಂದು ಮನೆಯಲ್ಲಿ ಕೂತರು. ಒಳಗಿನ ಕಾರಣ ಬೇರೆಯೇ ಇತ್ತು. ಕಣ್ಣು ಬರೆಯುವವರೆಗೆ ಬೊಂಬೆ ಯಾರು ಬೇಕಾದರೂ ಆಗಬಹುದು. ಬರೆದ ಮೇಲೆ ಒಬ್ಬರೇ. ಸರ್ಕಲ್ಲಿನ ಬೊಂಬೆ ತಾಜ್ ಪಾಷಾ ಆದರೆ ಹೆಡ್‌ಮಾಸ್ಟರು ಬಿಡುವರೇ? ಹೆಡ್‌ಮಾಸ್ಟರು ಆದರೆ ಬಂಕಿನ ಯಜಮಾನರು ಲೂನಾಗೆ ಪೆಟ್ರೋಲು ಕೊಡುವರೇ? ದಿನವೂ ಒಬ್ಬೊಬ್ಬರು ಬಂದು ಕಿವಿಯಲ್ಲಿ ಹೇಳಿ ಹೋಗುತ್ತಿದ್ದರು: "ಕಣ್ಣು ಬರೆಯೋವಾಗ ನನ್ನ ಕರೀಪ್ಪಾ. ನನ್ನಂಗೇ ಇರ್ಬೇಕು."

ಅಷ್ಟರಲ್ಲಿ ಕಣ್ಣಿಲ್ಲದ ಸಾಲನ್ನು ಕಂಡು ಊರಿಗೆ ಭಯ ಹತ್ತಿತು. ಹಾಲಿನವನು ಸುತ್ತು ದಾರಿ ಹಿಡಿದ. ಅಂಕಮ್ಮ ಅದಕ್ಕೆ ಇನ್ನಷ್ಟು ಸೇರಿಸಿದಳು: "ದೇವರ ಮೂರ್ತಿಗೆ ಕಣ್ಣು ಬಿಡ್ಸೋವಾಗ ಎದುರಿಗೆ ಕನ್ನಡಿ ಹಿಡೀತಾರೆ, ಹಸ ತಂದು ನಿಲ್ಸ್ತಾರೆ. ಮೊದ್ಲ ನೋಟ ಮನುಷ್ಯರ ಮ್ಯಾಲೆ ಬೀಳ್ಬಾರ್ದು. ಇಷ್ಟುದ್ದ ಸಾಲು ಒಂದೇ ಸಲ ಕಣ್ಣು ಬಿಟ್ರೆ ಎದುರಿಗೆ ಇದ್ದೋರ ಗತಿ?"

ಚಿಕ್ಕಪ್ಪನಿಗೆ ನೆಪ ಸಿಕ್ಕಿತು. ಹಫೀಜಾ ಮೇಡಂ ಕಚೇರಿಗೆ ಹೋಗಿ ಕೈ ಕಟ್ಟಿ ನಿಂತರು.

"ಮೇಡಂ, ಒಂದು ಹಸ ಬೇಕಾಗಿತ್ತು."

"ಎಸ್ಟಿಮೇಟ್‌ನಲ್ಲಿ ಹಸು ಇಲ್ಲ."

"ಒಂದು ಕನ್ನಡಿನಾದ್ರೂ..."

"ಗಂಗಹನುಮಯ್ಯನವರೇ, ನನ್ನ ಎಸ್ಟಿಮೇಟ್‌ನಲ್ಲಿ ಬೊಂಬೆಗೆ ಕಣ್ಣಿದೆ. ಅದಷ್ಟೇ ಇದೆ."

ಉದ್ಘಾಟನೆಯ ಹಿಂದಿನ ದಿನ ಬಂತು. ಬೆಳಿಗ್ಗೆಯೇ ಒಂದು ಟೆಂಪೋ ಬಂದು ರಸ್ತೆಯ ತಲೆಯಲ್ಲಿ ಕಪ್ಪು ಬಣ್ಣದ ಡ್ರಮ್ಮು, ಹಳದಿ ಬಣ್ಣದ ಡ್ರಮ್ಮು ಇಳಿಸಿತು. ಆಳುಗಳು ಬೀಡಿ ಹಚ್ಚಿ ಕೂತರು. ಸುದ್ದಿ ಮನೆಗೆ ಮುಟ್ಟಿದಾಗ ಚಿಕ್ಕಪ್ಪ ಗೋಡೆ ನೋಡುತ್ತಿದ್ದರು. ಚಿಕ್ಕಮ್ಮ ಬೈಯಲಿಲ್ಲ. ಸಣ್ಣ ಬ್ರಷ್ಷನ್ನು ತೊಳೆದು, ಸೆರಗಿನಿಂದ ಒರೆಸಿ, ಗಂಡನ ಕೈಗಿಟ್ಟಳು.

"ಅವ್ರು ಕಪ್ಪು ಹಳದಿ ಬಳಿದ್ರೂ ರೋಡು ಮುಗೀತದೆ. ಆದ್ರೆ ನೀವು ಮುಗಿಸಿದಂಗಾಗಕಿಲ್ಲ. ನಮ್ಮವ್ವ ಬರಕಿಲ್ಲ. ಏಳಿ."

ಚಿಕ್ಕಪ್ಪ ಎದ್ದರು. ಡಬ್ಬಿ ಹಿಡಿದು ಚಿಕ್ಕಮ್ಮ, ಛತ್ರಿ ಹಿಡಿದು ನಾನು ಹಿಂದೆ ಹೊರಟೆವು.

ರಸ್ತೆಯ ತಲೆಯಲ್ಲಿ ಊರೇ ಸೇರಿತ್ತು. ಚಿಕ್ಕಪ್ಪ ಮೊದಲನೆಯ ಬೊಂಬೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬ್ರಷ್ಷನ್ನು ಅದ್ದಿದರು. ಅದ್ದಿದ್ದೇ ತಡ, ಬೊಂಬೆಯ ಎದುರಿಗಿದ್ದವರೆಲ್ಲ ಅದರ ಬೆನ್ನ ಹಿಂದಕ್ಕೆ ಓಡಿದರು. ತಾಜ್ ಪಾಷಾ ಅಂಕಮ್ಮನ ಬುಟ್ಟಿಯ ಮರೆಗೆ ಸರಿದರು, ಅಂಕಮ್ಮ ಹೆಡ್‌ಮಾಸ್ಟರ ಮರೆಗೆ. ಚಿಕ್ಕಪ್ಪ ಅದ್ದಿದ ಬ್ರಷ್ಷನ್ನು ಮತ್ತೆ ಡಬ್ಬಿಗೇ ಇಳಿಸಿದರು. ಹಫೀಜಾ ಮೇಡಂ ಗಡಿಯಾರ ನೋಡಿ ಆಳುಗಳತ್ತ ತಿರುಗಿದರು.

ಆಗ ಮಾಗಡಿ ಬಸ್ಸು ಬಂದು ನಿಂತಿತು. ಲಕ್ಷ್ಮಯ್ಯಮಾವ ಇಳಿದು ಕೈ ಚಾಚಿದ. ಆ ಕೈ ಹಿಡಿದು ನಮ್ಮಜ್ಜಿ ಇಳಿದಳು.

"ನೋಡವ್ವಾ, ನಾನ್ ಹೇಳ್ನಿಲ್ವಾ?" ಮಾವನ ಮುಖ ಅರಳಿತ್ತು. "ಇಷ್ಟುದ್ದ ರೋಡು. ಒಂದಕ್ಕಾದ್ರೂ ಕಣ್ಣೈತಾ? ಇದು ನಿನ್ ಅಳಿಯನ ಕೆಲ್ಸ. ನೋಡ್ಕಂಡ್ಯಲ್ಲ, ನಡಿ, ಇದೇ ಬಸ್ಸಿಗೆ ಹೋಗಾಣ."

ಚಿಕ್ಕಮ್ಮ ಡಬ್ಬಿ ಹಿಡಿದು ನಿಂತಲ್ಲೇ ನಿಂತಿದ್ದಳು. ಅಜ್ಜಿ ಮಗಳ ಮುಖ ನೋಡಿದಳು, ಅಳಿಯನ ಕೈ ನೋಡಿದಳು. ಬಸ್ಸಿನತ್ತ ತಿರುಗಲಿಲ್ಲ. ನೆಟ್ಟಗೆ ನಡೆದು ಹೋಗಿ ಮೊದಲನೆಯ ಬೊಂಬೆಯ ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಪ್ಪಾ ಅಳಿಯಂದ್ರೇ, ಯಾಕೆ ನಿಲ್ಸಿದ್ದೀರಿ?"

"ಅತ್ತೆಮ್ಮಾ, ಎದುರಿಗೆ ನಿಂತ್ಕಬ್ಯಾಡಿ. ಮೊದ್ಲ ನೋಟ... ಮನುಷ್ಯರ ಮ್ಯಾಲೆ ಬಿದ್ರೆ ಏನೋ ಆಯ್ತದಂತೆ..."

"ಏನಾಯ್ತದೆ? ಮದುವೆ ಆಗಿ ಬಂದಾಗ ನಮ್ಮತ್ತೆ ನನ್ನ ನೋಡಿದ್ಲಲ್ಲ, ಅದು ನೋಟ ಅಂದ್ರೆ! ಅದುನ್ನೇ ತಡ್ಕಂಡೋಳು ನಾನು. ಈ ಸಿಮೆಂಟ್ ಬೊಂಬೆ ನನ್ನೇನ್ ಮಾಡೀತು? ಬರೀರಿ."

ಚಿಕ್ಕಪ್ಪ ಬರೆದರು. ಬೊಂಬೆಯನ್ನು ನೋಡಿ ಬರೆದರು ಎಂದು ಮಾತ್ರ ಹೇಳಲಾರೆ. ಅವರ ಎರಡೂ ಕಣ್ಣು ಹೆದರಿಕೆಯಿಂದ ಅಜ್ಜಿಯ ಮೇಲೇ ನೆಟ್ಟಿದ್ದವು. ಕೈ ತನ್ನ ಪಾಡಿಗೆ ತಾನು ಬರೆಯಿತು. ಎಡ ಹುಬ್ಬು ಒಂದು ನೂಲಿನಷ್ಟು ಮೇಲೆ, ಬಲಗಣ್ಣು ಒಸಿ ಕಿರಿದು, ಗುಡ್ಡೆ ನೇರಕ್ಕೆ.

"ಮುಂದಕ್ಕೆ," ಎಂದಳು ಅಜ್ಜಿ, ಎರಡನೆಯ ಬೊಂಬೆಯ ಎದುರಿಗೆ ಹೋಗಿ ನಿಂತು.

ಹೀಗೆ ಮೆರವಣಿಗೆ ಹೊರಟಿತು. ಮುಂದೆ ಅಜ್ಜಿ, ಅವಳ ಹೆಜ್ಜೆಯ ಹಿಂದೆ ಕುಕ್ಕರುಗಾಲಿನಲ್ಲೇ ತೆವಳುವ ಚಿಕ್ಕಪ್ಪ, ಪಕ್ಕದಲ್ಲಿ ಡಬ್ಬಿ ಹಿಡಿದ ಚಿಕ್ಕಮ್ಮ. ಬಿಸಿಲೇರಿದಾಗ ಲಕ್ಷ್ಮಯ್ಯಮಾವನೇ ನನ್ನ ಕೈಯಿಂದ ಛತ್ರಿ ಕಿತ್ತುಕೊಂಡು ತಾಯಿಯ ತಲೆಗೆ ಹಿಡಿಯಬೇಕಾಯಿತು. ಹಿಡಿದವನ ಮುಖ ಹಳಸಿದ ಚಟ್ನಿಯಂತಿತ್ತು. ಚಿಕ್ಕಪ್ಪನ ಕೈ ಎಲ್ಲಾದರೂ ಸಡಿಲವಾದರೆ ಅಜ್ಜಿ "ಊಂ?" ಎನ್ನುತ್ತಿದ್ದಳು. ಹೋಟೆಲಿನ ಎದುರು ಬಂದಾಗ ಅವರ ತಲೆ ಅಭ್ಯಾಸಬಲದಿಂದ ಆ ಕಡೆ ತಿರುಗಿತು.

"ಒಂದು ಲೋಟ ಟೀ ಕುಡ್ದು..."

"ಊಂ?"

ತಲೆ ಈ ಕಡೆ ತಿರುಗಿತು.

ಸರ್ಕಲ್ಲು ಬಂತು. ತಾಜ್ ಪಾಷಾ, ಹೆಡ್‌ಮಾಸ್ಟರು, ಬಂಕಿನ ಯಜಮಾನರು ಮೂವರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಬೊಂಬೆಯ ಬೆನ್ನ ಹಿಂದೆ ನಿಂತರು. ಚಿಕ್ಕಪ್ಪ ಎರಡು ಕಣ್ಣನ್ನೂ ಬರೆದು ಸರಿದರು. ಮೂವರೂ ಮೆಲ್ಲಗೆ ಮುಂದೆ ಬಂದು ಬಾಗಿ ನೋಡಿದರು. ಬೊಂಬೆ ಅವರನ್ನು ತಿರುಗಿ ನೋಡಿತು. ಆ ನೋಟದಲ್ಲಿ 'ಇಷ್ಟೊತ್ತು ಎಲ್ಲಿ ಹೋಗಿದ್ರಿ?' ಎಂಬ ಪ್ರಶ್ನೆ ಸ್ಪಷ್ಟವಾಗಿತ್ತು.

"ಇದು ನಾನಲ್ಲ," ಎಂದರು ಹೆಡ್‌ಮಾಸ್ಟರು, ತಮಗೆ ತಿಳಿಯದೆಯೇ ಕೈ ಕಟ್ಟಿಕೊಂಡು.

"ನಾನಂತೂ ಅಲ್ಲವೇ ಅಲ್ಲ," ಎಂದರು ಬಂಕಿನ ಯಜಮಾನರು.

ತಾಜ್ ಪಾಷಾ ಬೊಂಬೆಯನ್ನು ನೋಡಿದರು, ಅಜ್ಜಿಯನ್ನು ನೋಡಿದರು, ಹಿಂದೆ ಕಣ್ಣು ಬಿಟ್ಟು ನಿಂತ ಸಾಲನ್ನೆಲ್ಲ ನೋಡಿದರು. ಟೋಪಿ ಸರಿಮಾಡಿಕೊಂಡು, "ಅಮ್ಮಾ, ಸರ್ಕಲ್ಲು ನಿಮ್ದೇ. ನಮ್ಮದೇನೂ ತಕರಾರಿಲ್ಲ" ಎಂದರು.

ಅಲ್ಲಿಗೆ ಇಷ್ಟು ದಿನದ ವ್ಯಾಜ್ಯ ಬಗೆಹರಿಯಿತು. ಆ ಕಣ್ಣು ತನ್ನದೆನ್ನುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಬಸ್‌ಸ್ಟಾಪಿನ ಬಳಿ ಹಳದಿ ಸೀರೆಯ ಬೊಂಬೆ ಕಣ್ಣು ಬಿಟ್ಟಾಗ ಅಂಕಮ್ಮ ಮೂಗಿನ ವಿಷಯ ಎತ್ತಲೇ ಇಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬೊಂಬೆಯ ಪಾದಕ್ಕೆ ಒಂದು ಮಾರು ಹೂ ಇಟ್ಟಳು.

ಅದೇ ಹೊತ್ತಿಗೆ ಒಬ್ಬ ತರುಣ ಟ್ರಾಫಿಕ್ಕು ತಪ್ಪಿಸಲು ಬೈಕನ್ನು ಫುಟ್‌ಪಾತಿನತ್ತ ತಿರುಗಿಸಿದ. ಎರಡು ಗೂಟಗಳ ನಡುವೆ ಮೂತಿ ತೂರಿಸಲು ನೋಡಿದವನು ತಲೆಯೆತ್ತಿದ. ಆಚೆಯವರೂ ನೋಡುತ್ತಿದ್ದರು, ಈಚೆಯವರೂ ನೋಡುತ್ತಿದ್ದರು. ಆತ ಇಂಜಿನ್ ಆರಿಸಿ, ಕೆಳಗಿಳಿದು, ಬೈಕನ್ನು ಕೈಯಲ್ಲಿ ತಳ್ಳಿಕೊಂಡು ರಸ್ತೆಗೆ ವಾಪಸಾದ. ಹೆಲ್ಮೆಟ್ಟನ್ನೂ ಹಾಕಿಕೊಂಡ.

ಹಫೀಜಾ ಮೇಡಂ ಇದನ್ನು ನಿಂತು ನೋಡಿದರು. ಆಮೇಲೆ ಆಳುಗಳ ಕಡೆ ಕೈ ಬೀಸಿದರು: "ಡ್ರಮ್ಮು ಎತ್ತಿ ಟೆಂಪೋಗೆ ಹಾಕ್ರಪ್ಪಾ."

ಜನ ಶಿಳ್ಳೆ ಹೊಡೆದರು. ಎಲ್ಲಿಂದಲೋ ತಮಟೆಯೂ ಬಂತು. ಅಜ್ಜಿ ಮಾತ್ರ ಅದಾವುದಕ್ಕೂ ಕಿವಿಗೊಡದೆ ನಡೆದಳು. ಜಿಲ್ಲಾ ಕಚೇರಿ ಕಾಣುವಷ್ಟು ದೂರ ಬಂದ ಮೇಲೆ ಒಂದು ಬೊಂಬೆಯ ಮುಖಕ್ಕೆ ಮುಖ ಕೊಟ್ಟು ದಿಟ್ಟಿಸಿದಳು.

"ಇದೇನಪ್ಪಾ ಅಳಿಯಂದ್ರೇ, ಎಲ್ಲಾ ಒಂದೇ ತರ ನೋಡ್ತಾವೆ? ಯಾರನ್ನೋ ನೋಡ್ದಂಗಾಯ್ತದೆ ನಂಗೆ."

ತಮಟೆ ನಿಂತಿತು. ಲಕ್ಷ್ಮಯ್ಯಮಾವ ಬಾಯಿ ತೆರೆದ. ಸುತ್ತಲಿನ ಬೊಂಬೆಗಳನ್ನು ಒಮ್ಮೆ ನೋಡಿ ಮುಚ್ಚಿಕೊಂಡ. ಚಿಕ್ಕಪ್ಪ ತಲೆ ತಗ್ಗಿಸಿ ಡಬ್ಬಿಯ ಬಣ್ಣ ಕಲಕತೊಡಗಿದರು.

"ಯಾರೋ ಇರ್ಲಿ ಬುಡಿ," ಎಂದಳು ಅಜ್ಜಿ. "ಗಟ್ಟಿಗಿತ್ತಿ ಇರ್ಬೇಕು. ಮುಂದಕ್ಕೆ."

ಕೊನೆಯ ಬೊಂಬೆ ಬಂತು. ಕಚೇರಿಯ ಗೇಟಿಗೆ ಆತುಕೊಂಡು ಪೇಟ ಸುತ್ತಿಕೊಂಡು ನಿಂತಿತ್ತು. ಚಿಕ್ಕಪ್ಪ ಅದರ ಬಲಗಣ್ಣು ಬರೆದರು. ಎಡಗಣ್ಣಿನ ಸುತ್ತು ಬರೆದರು. ಗುಡ್ಡೆಯ ಚುಕ್ಕಿಯೊಂದು ಉಳಿಯಿತು. ಅಲ್ಲಿ ಕೈ ನಿಂತಿತು. ಅಜ್ಜಿ ಈ ಸಲ ಊಂ ಎನ್ನಲಿಲ್ಲ. ಚಿಕ್ಕಪ್ಪ ಪಕ್ಕಕ್ಕೆ ತಿರುಗಿ ಹೆಂಡತಿಯ ಮುಖ ನೋಡಿದರು. ಚಿಕ್ಕಮ್ಮ ಡಬ್ಬಿಯನ್ನು ಅವರ ಕಡೆಗೆ ವಾಲಿಸಿ ಹಿಡಿದಳು. ತಳದಲ್ಲಿ ಒಂದು ಚುಕ್ಕಿಗಾಗುವಷ್ಟೇ ಕಪ್ಪು ಉಳಿದಿತ್ತು.

ಅವರು ಅದ್ದಿದರು. ಇಟ್ಟರು.

"ಮುಗೀತು ಅತ್ತೆಮ್ಮ."

ಅಜ್ಜಿ ಹಿಂದಕ್ಕೆ ತಿರುಗಿದಳು. ಸ್ಟೇಷನ್ನಿನ ಕಡೆಯ ತುದಿಯವರೆಗೆ ಕಣ್ಣು ಹಾಯಿಸಿ, ಹೊಂಗೆಯ ಸಾಲನ್ನು, ಬಳೆ ತೊಟ್ಟ ಕಂಬಗಳನ್ನು, ಎಚ್ಚರವಾಗಿ ನಿಂತ ಬೊಂಬೆಗಳನ್ನು ಒಂದೊಂದಾಗಿ ನೋಡಿ ಮುಗಿಸಿದಳು. ಆಮೇಲೆ ಮಗಳ ಹೆಗಲ ಮೇಲೆ ಕೈ ಹಾಕಿದಳು.

"ಬೋರೀ, ಒಲೆ ಮ್ಯಾಲೆ ಎಸರಿಟ್ಟು ಬಂದಿದ್ದೀಯೇನೇ? ನಡಿ ಮತ್ತೆ. ಹೊಟ್ಟೆ ಹಸೀತೈತೆ."